ನೆನಪಿನ ದಿನಗಳು ಮತ್ತು ಹೊಣೆಯ ಪ್ರಶ್ನೆ

1

ನಮ್ಮ ಶೈಕ್ಷಣಿಕ ವರ್ಷವು ಈಗ ದಿನಾಚರಣೆಗಳ ಸರಮಾಲೆಯಾಗಿದೆ. ಜೂನ್ 5ರ ವಿಶ್ವ ಪರಿಸರ ದಿನ, ಸೆಪ್ಟೆಂಬರ್ 5ರ ಶಿಕ್ಷಕರ ದಿನ, ನವೆಂಬರ್ 1ರ ರಾಜ್ಯೋತ್ಸವ, ಫೆಬ್ರವರಿ 21ರ ಅಂತಾರಾಷ್ಟ್ರೀಯ ಮಾತೃಭಾಷಾ ದಿನ, ಮಾರ್ಚ್ 8ರ ಮಹಿಳಾ ದಿನ ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಪ್ರತಿಯೊಂದಕ್ಕೂ ಒಂದು ಸುತ್ತೋಲೆ ಬರುತ್ತದೆ. ಬ್ಯಾನರು ಸಿದ್ಧವಾಗುತ್ತದೆ, ಅತಿಥಿಗಳು ಮಾತನಾಡುತ್ತಾರೆ, ಛಾಯಾಚಿತ್ರಸಹಿತ ವರದಿಯು ನ್ಯಾಕ್ ತಂಡದ ಮುಂದಿಡುವ ಕಡತವನ್ನು ಸೇರುತ್ತದೆ. ಮರುವರ್ಷ ಅದೇ ದಿನ, ಅದೇ ಕ್ರಮ. ಈ ಆಚರಣೆಗಳಿಂದ ಹಾನಿಯೇನೂ ಇಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಒಂದು ದಿನವನ್ನು ಏಕೆ ನೆನೆಯುತ್ತೇವೆ, ಯಾರು ಯಾರನ್ನು ಏನು ಕೇಳಿದ ದಿನವದು ಎಂಬ ಪ್ರಶ್ನೆಗಳನ್ನೇ ಕೈಬಿಟ್ಟು ಆಚರಿಸುವುದು ಒಂದು ಬಗೆಯ ಮರೆವು. ಮರೆವಿಗೆ ನೆನಪಿನ ವೇಷ ತೊಡಿಸಿದಾಗ ಅದನ್ನು ಗುರುತಿಸುವುದು ಕಷ್ಟ.

ಪ್ರಸ್ತುತ ಬರಹದ ವಾದ ಇಷ್ಟು: ಆಧುನಿಕ ಕಾಲದ ಮುಖ್ಯ ಸ್ಮರಣೆಯ ದಿನಗಳಲ್ಲಿ ಹಲವು ಉತ್ಸವಗಳಾಗಿ ಹುಟ್ಟಿದವಲ್ಲ, ಹಕ್ಕೊತ್ತಾಯಗಳಾಗಿ ಹುಟ್ಟಿದವು. ಪ್ರಭುತ್ವಗಳೂ ಸಂಸ್ಥೆಗಳೂ ಅವುಗಳನ್ನು ತಮ್ಮ ಪಂಚಾಂಗಕ್ಕೆ ಸೇರಿಸಿಕೊಂಡ ಮೇಲೆ ಒತ್ತಾಯವು ಹಿಂದೆ ಸರಿದು ಉತ್ಸವವು ಉಳಿಯಿತು. ಒಂದು ದಿನದ ಅರ್ಥವನ್ನು ಮರಳಿ ಪಡೆಯಬೇಕಾದರೆ ಅದು ಆಚರಿಸುವವರ ಮೇಲೆ ಯಾವ ಹೊಣೆಯನ್ನು ಹೊರಿಸುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು. ಕನ್ನಡ ವಿಭಾಗಗಳ ಮಟ್ಟಿಗೆ ಈ ಪ್ರಶ್ನೆಯನ್ನು ಫೆಬ್ರವರಿ 21 ಮತ್ತು ನವೆಂಬರ್ 1, ಈ ಎರಡು ದಿನಗಳ ಮೂಲಕ ಎತ್ತುವುದು ಇಲ್ಲಿಯ ಉದ್ದೇಶ.

2

ನೆನಪನ್ನೂ ಹೊಣೆಯನ್ನೂ ಒಟ್ಟಿಗೆ ಕಟ್ಟುವ ಕ್ರಮ ಕನ್ನಡಕ್ಕೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಕಾಲದ ಉಲ್ಲೇಖವು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಂದು ವಿವರವಾಗಿ ಬರುತ್ತದೆ. ಸಂಕ್ರಮಣ, ಗ್ರಹಣಗಳಂಥ ಪರ್ವಕಾಲಗಳು ದಾನಕ್ಕೆ ಪ್ರಶಸ್ತವೆಂದು ಆಯ್ಕೆಯಾಗುತ್ತವೆ. ಆದರೆ ಶಾಸನವು ದಿನವನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ದತ್ತಿ ಯಾವುದು, ಅದರ ಎಲ್ಲೆ ಯಾವುದು, ಅದರಿಂದ ನಡೆಯಬೇಕಾದ ಕೆಲಸ ಯಾವುದು, ಕೆಡಿಸಿದವನಿಗೆ ತಗಲುವ ಪಾಪ ಯಾವುದು ಎಂಬುದನ್ನೆಲ್ಲ ಹೇಳಿ ಮುಗಿಯುತ್ತದೆ. ಶಾಪಾಶಯವನ್ನು ನಾವು ಸಾಮಾನ್ಯವಾಗಿ ಸಿದ್ಧಸೂತ್ರವೆಂದು ಓದಿ ಮುಂದಕ್ಕೆ ಹೋಗುತ್ತೇವೆ. ನೆನಪಿನ ದೃಷ್ಟಿಯಿಂದ ನೋಡಿದರೆ ಅದು ಮುಂದಿನ ತಲೆಮಾರನ್ನು ಹೊಣೆಗಾರರನ್ನಾಗಿ ಮಾಡುವ ಭಾಗ.

ವೀರಗಲ್ಲುಗಳಲ್ಲಿ ಇದು ಇನ್ನೂ ಸ್ಪಷ್ಟ. ಕಾದಿ ಮಡಿದವನ ಚಿತ್ರವನ್ನು ಕೆತ್ತಿಸಿ ನಿಲ್ಲಿಸುವುದರೊಡನೆ ಅವನ ಮನೆಯವರಿಗೆ ಭೂಮಿ ಬಿಡುವ ರೂಢಿಯಿತ್ತು. ಕಲ್ನಾಡು, ನೆತ್ತರುಗೊಡಗೆ ಎಂಬ ಮಾತುಗಳು ಇದನ್ನೇ ಸೂಚಿಸುತ್ತವೆ. ಕ್ರಿ.ಶ. 949-50ರ ಆತಕೂರು ಶಾಸನವನ್ನು ಕನ್ನಡದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಮಣಲೆರನು ನಿಲ್ಲಿಸಿದ ಕಲ್ಲದು. ಅದಕ್ಕೆ ಭೂಮಿಯನ್ನೂ ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂಬ ಆಶಯದ ಕಟ್ಟಳೆಯೂ ಅಲ್ಲಿದೆ. ನೆನಪಿನ ಫಲವನ್ನು ಉಣ್ಣುವವನು ನೆನಪಿನ ಕೆಲಸವನ್ನು ಮೊದಲು ಮಾಡಬೇಕು ಎಂಬುದು ಇದರ ತಾತ್ಪರ್ಯ. ಮಧ್ಯಕಾಲದ ಈ ವ್ಯವಸ್ಥೆಯನ್ನು ಆದರ್ಶೀಕರಿಸಬೇಕಾಗಿಲ್ಲ. ಯಾರ ಸಾವು ಕಲ್ಲಿಗೆ ಏರಿತು, ಯಾರದು ಏರಲಿಲ್ಲ ಎಂಬುದು ಅಧಿಕಾರದ ಪ್ರಶ್ನೆಯೇ ಆಗಿತ್ತು. ಆದರೂ ದತ್ತಿಯಿಲ್ಲದ ಸ್ಮರಣೆಯನ್ನು ಆ ಕಾಲವು ಪೂರ್ಣವೆಂದು ಭಾವಿಸಲಿಲ್ಲ ಎಂಬ ಅಂಶವು ನಮ್ಮ ಚರ್ಚೆಗೆ ಮುಖ್ಯ.

3

ಆಧುನಿಕ ದಿನಗಳು ಸ್ಥಳಕ್ಕಿಂತ ತಾರೀಖನ್ನು ಆಶ್ರಯಿಸುತ್ತವೆ. ಕಲ್ಲು ಒಂದು ಊರಿನದು. ತಾರೀಖು ಎಲ್ಲ ಊರುಗಳದು. ಈ ವ್ಯಾಪ್ತಿಯಿಂದಲೇ ಅವುಗಳಿಗೆ ರಾಜಕೀಯ ಬಲ ಬಂದಿತು. ದಿನಕ್ಕೆ ಎಂಟು ಗಂಟೆಯ ದುಡಿಮೆಗಾಗಿ 1886ರ ಮೇ 1ರಂದು ಅಮೆರಿಕದ ಕಾರ್ಮಿಕರು ಹೂಡಿದ ಮುಷ್ಕರ, ಅದರ ಬೆನ್ನಲ್ಲೇ ಶಿಕಾಗೋದಲ್ಲಿ ನಡೆದ ಹೇಮಾರ್ಕೆಟ್ ದುರಂತ ಇವುಗಳ ಹಿನ್ನೆಲೆಯಲ್ಲಿ 1889ರ ಪ್ಯಾರಿಸ್ ಸಮಾವೇಶವು ಮೇ 1ನ್ನು ಎಲ್ಲ ದೇಶಗಳ ಕಾರ್ಮಿಕರು ಏಕಕಾಲಕ್ಕೆ ಬೇಡಿಕೆ ಮಂಡಿಸುವ ದಿನವನ್ನಾಗಿ ಗೊತ್ತುಮಾಡಿತು. ಭಾರತದಲ್ಲಿ ಸಿಂಗಾರವೇಲು ಅವರ ಮುಂದಾಳುತನದಲ್ಲಿ 1923ರಲ್ಲಿ ಮದ್ರಾಸಿನಲ್ಲಿ ಅದು ಮೊದಲು ಆಚರಣೆಗೆ ಬಂದಿತು. ಮಹಿಳಾ ದಿನದ ಕಥೆಯೂ ಇಂಥದೇ. 1910ರಲ್ಲಿ ಕೋಪನ್‌ಹೇಗನ್ನಿನ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಕ್ಲಾರಾ ಜೆಟ್ಕಿನ್ ಮತ್ತು ಸಂಗಾತಿಗಳು ಮುಂದಿಟ್ಟ ಪ್ರಸ್ತಾವದ ತಿರುಳು ಮತದಾನದ ಹಕ್ಕು. 1917ರಲ್ಲಿ ಪೆಟ್ರೊಗ್ರಾದಿನ ಹೆಣ್ಣುಮಕ್ಕಳು ಅನ್ನಕ್ಕಾಗಿ ಬೀದಿಗಿಳಿದ ದಿನವು ಅಂದಿನ ರಷ್ಯದ ಪಂಚಾಂಗದಂತೆ ಫೆಬ್ರವರಿ 23, ಉಳಿದೆಡೆಯ ಪಂಚಾಂಗದಂತೆ ಮಾರ್ಚ್ 8. ವಿಶ್ವಸಂಸ್ಥೆಯು ಈ ದಿನವನ್ನು ಆಚರಿಸತೊಡಗಿದ್ದು 1975ರಲ್ಲಿ. ಇಂದು ನಮ್ಮ ಕಾಲೇಜುಗಳಲ್ಲಿ ಆ ದಿನ ರಂಗೋಲಿ ಸ್ಪರ್ಧೆ ನಡೆಯುವುದನ್ನು ಕಂಡಾಗ, ದಿನವು ತನ್ನ ಹುಟ್ಟಿನಿಂದ ಎಷ್ಟು ದೂರ ಬಂದಿದೆ ಎಂಬುದು ತಿಳಿಯುತ್ತದೆ.

ಅಧ್ಯಾಪಕರಾದ ನಮಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರ ಜನ್ಮದಿನವಾದ ಸೆಪ್ಟೆಂಬರ್ 5ನ್ನು 1962ರಿಂದ ಶಿಕ್ಷಕರ ದಿನವಾಗಿ ಆಚರಿಸುತ್ತ ಬಂದಿದ್ದೇವೆ. ಅದೇ ಉದ್ದೇಶದ ಮತ್ತೊಂದು ದಿನ ಅಕ್ಟೋಬರ್ 5. 1966ರಲ್ಲಿ ಆ ದಿನ ಯುನೆಸ್ಕೋ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಶಿಕ್ಷಕರ ಸ್ಥಾನಮಾನವನ್ನು ಕುರಿತ ಶಿಫಾರಸನ್ನು ಅಂಗೀಕರಿಸಿದವು. ಸೇವಾಭದ್ರತೆ, ವೇತನ, ಬೋಧನೆಯ ಸ್ವಾತಂತ್ರ್ಯ ಅದರ ವಸ್ತು. 1994ರಿಂದ ಅದು ವಿಶ್ವ ಶಿಕ್ಷಕರ ದಿನವಾಗಿದೆ. ಮೊದಲನೆಯದು ಗುರುವನ್ನು ವಂದಿಸುವ ದಿನ. ಎರಡನೆಯದು ಗುರುವಿನ ಹಕ್ಕನ್ನು ಕೇಳುವ ದಿನ. ಮೊದಲನೆಯದನ್ನು ಹಾರ ಹಾಕಿ ಆಚರಿಸುವ ನಾವು ಎರಡನೆಯದನ್ನು ಬಹುಮಟ್ಟಿಗೆ ಅರಿಯೆವು. ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ತರಗತಿಗಳು ನಡೆಯುತ್ತಿರುವ ಕಾಲದಲ್ಲಿ ಈ ಆಯ್ಕೆಯು ಆಕಸ್ಮಿಕವೆಂದು ತೋರುವುದಿಲ್ಲ.

4

ಮಾತೃಭಾಷಾ ದಿನದ ಮೂಲವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕನ್ನಡದ ಸಭೆಗಳಲ್ಲಿ ಆ ದಿನ ಕೇಳಿಬರುವುದು ತಾಯಿನುಡಿಯ ಸ್ತುತಿ. ಡಾಕಾದ ಬೀದಿಯಲ್ಲಿ ನಡೆದದ್ದು ಸ್ತುತಿಯಲ್ಲ.

1948ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಧೀರೇಂದ್ರನಾಥ ದತ್ತರು ಉರ್ದು, ಇಂಗ್ಲಿಷುಗಳ ಜೊತೆಗೆ ಬಂಗಾಳಿಯನ್ನೂ ಸಭೆಯ ಭಾಷೆಯಾಗಿ ಮಾನ್ಯ ಮಾಡಬೇಕೆಂದು ತಿದ್ದುಪಡಿ ಸೂಚಿಸಿದರು. ಅದು ತಿರಸ್ಕೃತವಾಯಿತು. ಮುಂದಿನ ತಿಂಗಳು ಡಾಕಾಕ್ಕೆ ಬಂದ ಮಹಮದ್ ಅಲಿ ಜಿನ್ನಾ ಅವರು ರಾಷ್ಟ್ರಭಾಷೆ ಉರ್ದುವೇ ಎಂದು ಘೋಷಿಸಿದರು. 1952ರ ಜನವರಿಯಲ್ಲಿ ಪ್ರಧಾನಿ ಖ್ವಾಜಾ ನಜೀಮುದ್ದೀನ್ ಅದೇ ಮಾತನ್ನು ಮತ್ತೆ ಆಡಿದಾಗ ಚಳವಳಿ ಮರುಜೀವ ಪಡೆಯಿತು. ಫೆಬ್ರವರಿ 21ರಂದು ನಿಷೇಧಾಜ್ಞೆಯನ್ನು ಮೀರಿದ ವಿದ್ಯಾರ್ಥಿಗಳ ಮೇಲೆ ವೈದ್ಯಕೀಯ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿದರು. ರಫೀಕ್, ಬರ್ಕತ್, ಜಬ್ಬಾರ್, ಸಲಾಂ ಮೊದಲಾದವರು ಬಲಿಯಾದರು. ವಿದ್ಯಾರ್ಥಿಗಳು ಒಂದೇ ರಾತ್ರಿಯಲ್ಲಿ ಕಟ್ಟಿದ ಹುತಾತ್ಮ ಸ್ಮಾರಕವನ್ನು ಕೆಲವೇ ದಿನಗಳಲ್ಲಿ ಕೆಡವಲಾಯಿತು. 1956ರ ಪಾಕಿಸ್ತಾನದ ಸಂವಿಧಾನವು ಬಂಗಾಳಿಯನ್ನೂ ರಾಷ್ಟ್ರಭಾಷೆಯೆಂದು ಒಪ್ಪಿತು.

ಇಲ್ಲಿ ವ್ಯಾಕರಣದ ಒಂದು ಅಂಶವನ್ನು ಗಮನಿಸಬೇಕು. ಪ್ರಭುತ್ವದ ಮಾತು ‘ಉರ್ದುವೇ’ ಎಂಬ ಅವಧಾರಣೆಯಲ್ಲಿತ್ತು. ಚಳವಳಿಯ ಮಾತು ‘ಬಂಗಾಳಿಯೂ’ ಎಂಬ ಸಮುಚ್ಚಯದಲ್ಲಿತ್ತು. ಅಂದಿನ ಪಾಕಿಸ್ತಾನದ ಜನಸಂಖ್ಯೆಯಲ್ಲಿ ಬಂಗಾಳಿಗಳೇ ಅರ್ಧಕ್ಕಿಂತ ಹೆಚ್ಚು. ಆದರೂ ಅವರು ‘ಬಂಗಾಳಿಯೇ’ ಎನ್ನಲಿಲ್ಲ. ಫೆಬ್ರವರಿ 21ರ ನೈತಿಕ ಬಲವು ಈ ‘ಊ’ಕಾರದಲ್ಲಿದೆ. ಇದರಿಂದಲೇ ಆ ದಿನವು ಒಂದು ಭಾಷೆಯ ದಿನವಾಗಿ ಉಳಿಯದೆ ಎಲ್ಲ ಭಾಷೆಗಳ ದಿನವಾಗಲು ಸಾಧ್ಯವಾಯಿತು. ಕೆನಡಾದಲ್ಲಿ ನೆಲೆಸಿದ್ದ ಬಂಗಾಳಿ ಮೂಲದ ರಫೀಕುಲ್ ಇಸ್ಲಾಂ ಅವರು 1998ರಲ್ಲಿ ವಿಶ್ವಸಂಸ್ಥೆಗೆ ಬರೆದ ಪತ್ರದಿಂದ ಮೊದಲಾದ ಪ್ರಯತ್ನವು, ಬಾಂಗ್ಲಾದೇಶ ಸರ್ಕಾರದ ಬೆಂಬಲ ಪಡೆದು, 1999ರ ನವೆಂಬರ್ 17ರಂದು ಯುನೆಸ್ಕೋದ ಘೋಷಣೆಯಲ್ಲಿ ಫಲಿಸಿತು. 2000ದಿಂದ ಜಗತ್ತು ಅದನ್ನು ಆಚರಿಸುತ್ತಿದೆ.

ಆದರೆ ಗೆದ್ದ ಭಾಷೆಯ ಮುಂದೆಯೂ ಅದೇ ಪ್ರಶ್ನೆ ಬಂದು ನಿಲ್ಲುತ್ತದೆ. 1972ರಲ್ಲಿ ಸ್ವತಂತ್ರ ಬಾಂಗ್ಲಾದೇಶವು ತನ್ನ ಪ್ರಜೆಗಳೆಲ್ಲರೂ ಬಂಗಾಳಿಗಳೆಂದು ಸಂವಿಧಾನದಲ್ಲಿ ಬರೆಯಹೊರಟಾಗ, ಚಿತ್ತಗಾಂಗ್ ಬೆಟ್ಟಸೀಮೆಯ ಪ್ರತಿನಿಧಿ ಮಾನವೇಂದ್ರ ನಾರಾಯಣ ಲಾರ್ಮಾ ಅವರು ತಾವು ಚಕ್ಮಾ, ಬಂಗಾಳಿಯಲ್ಲ ಎಂದು ಸದನದಲ್ಲೇ ಪ್ರತಿಭಟಿಸಿದರು. ಅತ್ತ ಅಸ್ಸಾಮಿನಲ್ಲಿ ಅಸ್ಸಾಮಿಯನ್ನು ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡಿದಾಗ, 1961ರ ಮೇ 19ರಂದು ಸಿಲ್ಚಾರಿನಲ್ಲಿ ಬಂಗಾಳಿಗಾಗಿ ಹೋರಾಡಿದ ಹನ್ನೊಂದು ಮಂದಿ ಗುಂಡಿಗೆ ಬಲಿಯಾದರು. ಒಂದೇ ಬಂಗಾಳಿ ಒಂದು ಕಡೆ ಪೀಡಿತ ಭಾಷೆ, ಮತ್ತೊಂದು ಕಡೆ ಪ್ರಭುಭಾಷೆ. ಭಾಷೆಯೊಂದು ಸ್ವಭಾವತಃ ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ. ಗಡಿಯ ಯಾವ ಬದಿಯಲ್ಲಿದೆ ಎಂಬುದರಿಂದ ಅದರ ಸ್ಥಾನ ನಿರ್ಧಾರವಾಗುತ್ತದೆ.

5

ಈ ಮಾತು ಕನ್ನಡಕ್ಕೂ ಹಾಗೆಯೇ ಅನ್ವಯಿಸುತ್ತದೆ. ಅದಕ್ಕೆ ನವೆಂಬರ್ 1ಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರ ನವೆಂಬರ್ 1ರಂದು ಒಂದಾದವು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದ ಆಲೂರು ವೆಂಕಟರಾಯರು, 1953ರಲ್ಲಿ ಬಳ್ಳಾರಿಯಲ್ಲಿ ಪ್ರಾಣ ತೆತ್ತ ಪೈಲ್ವಾನ್ ರಂಜಾನ್ ಸಾಬ್ ಇವರೆಲ್ಲರ ದುಡಿಮೆ ಅದರ ಹಿಂದಿದೆ. 1973ರ ಅದೇ ದಿನ ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಇದು ನಮ್ಮ ವೇದಿಕೆಗಳು ಹೇಳುವ ಇತಿಹಾಸ. ಅವು ಹೇಳದ ಭಾಗವೊಂದಿದೆ.

ರಾಜ್ಯಗಳ ಪುನರ್ವಿಂಗಡಣೆಗೆ ದಾರಿಮಾಡಿದ ಸಂವಿಧಾನದ ಏಳನೆಯ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ 1956ರ ನವೆಂಬರ್ 1ರಂದು. ಆ ತಿದ್ದುಪಡಿಯು 350ಎ ಮತ್ತು 350ಬಿ ಎಂಬ ಎರಡು ಅನುಚ್ಛೇದಗಳನ್ನು ಸಂವಿಧಾನಕ್ಕೆ ಸೇರಿಸಿತು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದು ಎಂಬುದು ಮೊದಲನೆಯದರ ಆಶಯ. ಭಾಷಿಕ ಅಲ್ಪಸಂಖ್ಯಾತರ ರಕ್ಷಣೆಗೆ ವಿಶೇಷಾಧಿಕಾರಿಯ ನೇಮಕವು ಎರಡನೆಯದರ ವಸ್ತು. ಎಷ್ಟೇ ಎಚ್ಚರದಿಂದ ಗಡಿ ಎಳೆದರೂ ಗಡಿಯ ಒಳಗೆ ಬೇರೆ ಭಾಷೆಯವರು ಉಳಿದೇ ಉಳಿಯುತ್ತಾರೆಂಬುದನ್ನು ಪುನರ್ವಿಂಗಡಣಾ ಆಯೋಗವೇ 1955ರ ತನ್ನ ವರದಿಯಲ್ಲಿ ಮನಗಂಡು ರಕ್ಷಣೆಗಳನ್ನು ಶಿಫಾರಸು ಮಾಡಿತ್ತು. ಅಂದರೆ, ಕನ್ನಡಕ್ಕೆ ರಾಜ್ಯ ದೊರೆತ ಹಕ್ಕೂ ಆ ರಾಜ್ಯದೊಳಗಿನ ಇತರ ಭಾಷೆಗಳ ಬಗೆಗಿನ ಹೊಣೆಯೂ ಒಂದೇ ದಿನ, ಒಂದೇ ತಿದ್ದುಪಡಿಯ ಫಲವಾಗಿ ಬಂದವು. ದತ್ತಿಯೂ ಕಟ್ಟಳೆಯೂ ಒಂದೇ ಶಾಸನದಲ್ಲಿದ್ದಂತೆ. ನಾವು ದತ್ತಿಯನ್ನು ಓದಿ ಕಟ್ಟಳೆಯನ್ನು ಬಿಟ್ಟಿದ್ದೇವೆ.

ನವೆಂಬರ್ 1 ಎಲ್ಲರಿಗೂ ಒಂದೇ ಅರ್ಥದ ದಿನವೂ ಅಲ್ಲ. ಅಂದು ಕೇರಳವೂ ತನ್ನ ಹುಟ್ಟುಹಬ್ಬವನ್ನು ಆಚರಿಸುತ್ತದೆ. ಅದೇ ದಿನ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರ ಪಾಲಿಗೆ, ಕಯ್ಯಾರ ಕಿಞ್ಞಣ್ಣ ರೈಗಳಂಥವರು ಜೀವನವಿಡೀ ಹೇಳುತ್ತ ಬಂದಂತೆ, ಅದು ಅಗಲಿಕೆಯ ದಿನ. ಬೆಳಗಾವಿಯಲ್ಲಿ ಮರಾಠಿ ಸಂಘಟನೆಗಳು ಅದನ್ನು ಕರಾಳ ದಿನವೆನ್ನುತ್ತವೆ. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಭಾಷಿಕ ಅಲ್ಪಸಂಖ್ಯಾತರ ಹಕ್ಕಿನ ಹೆಸರಿನಲ್ಲೇ ವಿರೋಧಿಸಿದರು. ನಾವು ಇಲ್ಲಿಂದ ಅವರನ್ನು ಬೆಂಬಲಿಸಿದೆವು. ಬೆಂಬಲಿಸಬೇಕಾದದ್ದು ನ್ಯಾಯವೇ. ಆದರೆ ಗಡಿಯ ಆಚೆ ನಾವು ಆಧಾರವಾಗಿ ಹಿಡಿಯುವ ತತ್ತ್ವವನ್ನು ಗಡಿಯ ಈಚೆ ಮರೆತರೆ ಆ ಬೆಂಬಲಕ್ಕೆ ಬಲವಿರುವುದಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು ಶೇಕಡ 66. ಉರ್ದು, ತೆಲುಗು, ತಮಿಳು, ಮರಾಠಿಗಳಿಗೆ ಬೇರೆಡೆಯ ರಾಜ್ಯಗಳ ಆಸರೆಯಾದರೂ ಉಂಟು. ತುಳು, ಕೊಡವಗಳಿಗೆ ಅದೂ ಇಲ್ಲ. ದೇಶದಲ್ಲಿ ಸುಮಾರು 18.46 ಲಕ್ಷ ಜನರ ತುಳುವೂ 1.13 ಲಕ್ಷ ಜನರ ಕೊಡವವೂ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಸೇರಿಲ್ಲ. ಬಡಗ, ಕುರುಬ/ಕುರುಂಬ ನುಡಿಗಳನ್ನು ಜನಗಣತಿಯು ಕನ್ನಡದ ಲೆಕ್ಕದಲ್ಲೇ ಸೇರಿಸುತ್ತದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳು ಪ್ರಕಟಿತ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಲೆಕ್ಕಕ್ಕೆ ಬಾರದ ಭಾಷೆಗೆ ದಿನಾಚರಣೆಯೂ ಇರುವುದಿಲ್ಲ.

6

ಇದಕ್ಕೆ ಎರಡು ಆಕ್ಷೇಪಗಳು ಬರುವುದು ಸಹಜ. ಕನ್ನಡವೇ ಇಂಗ್ಲಿಷ್ ಮತ್ತು ಹಿಂದಿಗಳ ಒತ್ತಡದಲ್ಲಿ ತತ್ತರಿಸುತ್ತಿರುವಾಗ ಸಣ್ಣ ಭಾಷೆಗಳ ಚಿಂತೆ ಕನ್ನಡದ ಬಲವನ್ನು ಒಡೆಯುವುದಿಲ್ಲವೆ ಎಂಬುದು ಮೊದಲನೆಯದು. ಒತ್ತಡವಿರುವುದು ನಿಜ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನಪೀಠವು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಕಡ್ಡಾಯಗೊಳಿಸಲಾಗದು, ಮಗುವಿನ ಮಾತೃಭಾಷೆ ಯಾವುದೆಂಬುದನ್ನು ಪಾಲಕರೇ ನಿರ್ಧರಿಸಬೇಕು ಎಂದು ತೀರ್ಪಿತ್ತಿತು. 1981ರ ಗೋಕಾಕ್ ವರದಿ ಮತ್ತು 1982ರ ಚಳವಳಿಯ ಕಾಲದಿಂದ ನಾವು ನಂಬಿಕೊಂಡು ಬಂದಿದ್ದ ಕಾನೂನಿನ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು. ಆಜ್ಞೆಯಿಂದ ಆಗದ ಕೆಲಸ ಇನ್ನು ಒಲವಿನಿಂದಲೇ ಆಗಬೇಕು. ಮನೆಯ ಭಾಷೆಗೆ ಗೌರವ ತೋರದ ಶಾಲೆಯ ಕನ್ನಡವನ್ನು ಒಬ್ಬ ಕೊರಗ ಅಥವಾ ಲಂಬಾಣಿ ಮಗು ಏಕೆ ಪ್ರೀತಿಸಬೇಕು? ಎರಡೂ ತನ್ನವಲ್ಲ ಎನ್ನಿಸಿದಾಗ ಅದರ ಪಾಲಕರು ಇಂಗ್ಲಿಷನ್ನು ಆರಿಸುವುದು ಅಸಹಜವೇನೂ ಅಲ್ಲ. ಸೆಪ್ಟೆಂಬರ್ 14ರ ಹಿಂದಿ ದಿವಸವನ್ನು, ಎಲ್ಲರ ತೆರಿಗೆಯಿಂದ ಒಂದೇ ಭಾಷೆಯ ಉತ್ಸವವೇಕೆ ಎಂದು ನಾವು ಪ್ರಶ್ನಿಸುತ್ತೇವೆ. ಅದೇ ಪ್ರಶ್ನೆಯನ್ನು ತುಳುವರೋ ಕೊಡವರೋ ನಮ್ಮನ್ನು ಕೇಳಿದಾಗ ಕೊಡಲು ಉತ್ತರವಿರಬೇಕು.

ಇದೆಲ್ಲ ಸರ್ಕಾರದ ಕೆಲಸ, ಕನ್ನಡ ವಿಭಾಗಗಳದಲ್ಲ ಎಂಬುದು ಎರಡನೆಯ ಆಕ್ಷೇಪ. ತುಳು, ಕೊಡವ, ಕೊಂಕಣಿಗಳಿಗೆ ಅಕಾಡೆಮಿಗಳಿವೆ ಎಂಬುದೂ ದಿಟ. ಆದರೆ ಈ ನುಡಿಗಳ ಅಧ್ಯಯನ ಕನ್ನಡ ವಿದ್ವತ್ತಿಗೆ ಹೊರಗಿನದಾಗಿರಲೇ ಇಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದದ್ದು ಕನ್ನಡ ಲಿಪಿಯಲ್ಲಿ. ಕೊರಗರ ಭಾಷೆಯ ವ್ಯಾಕರಣವನ್ನು 1971ರಲ್ಲಿ ಪ್ರಕಟಿಸಿದವರು ಡಿ.ಎನ್. ಶಂಕರಭಟ್ಟರು, ಅವರೇ ಮುಂದೆ ಕನ್ನಡಕ್ಕೆ ಅದರದೇ ವ್ಯಾಕರಣ ಬೇಕೆಂದು ವಾದಿಸಿದವರು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳಲ್ಲಿ 1988ರಿಂದ 1997ರ ಅವಧಿಯಲ್ಲಿ ಬಂದಿತು. ಸಣ್ಣ ನುಡಿಯನ್ನು ಬಲ್ಲವರು ಕನ್ನಡವನ್ನು ಇನ್ನಷ್ಟು ಚೆನ್ನಾಗಿ ಬಲ್ಲರು ಎಂಬುದಕ್ಕೆ ಇವು ನಿದರ್ಶನಗಳು. ಈ ಪರಂಪರೆಯು ನಮ್ಮ ಸ್ನಾತಕೋತ್ತರ ಪಠ್ಯಕ್ರಮಗಳಲ್ಲಿ ಈಗ ದ್ರಾವಿಡ ಭಾಷೆಗಳ ಪಟ್ಟಿಯೊಂದರ ಮಟ್ಟಕ್ಕೆ ಇಳಿದಿರುವುದು ವಿಷಾದದ ಸಂಗತಿ.

7

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳ ಅಗತ್ಯವಿಲ್ಲ. ಮೊದಲನೆಯದಾಗಿ, ಪ್ರತಿಯೊಂದು ವಿಭಾಗವೂ ತನ್ನ ವಿದ್ಯಾರ್ಥಿಗಳ ಮನೆಮಾತುಗಳು ಯಾವುವು ಎಂಬುದನ್ನು ಪ್ರತಿವರ್ಷ ದಾಖಲಿಸಬೇಕು. ನಮ್ಮ ತರಗತಿಯಲ್ಲಿ ಎಷ್ಟು ಭಾಷೆಗಳು ಕುಳಿತಿವೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಎರಡನೆಯದಾಗಿ, ಫೆಬ್ರವರಿ 21ರ ಸಭೆಯಲ್ಲಿ ಭಾಷಣಕ್ಕೆ ಬದಲಾಗಿ ಆ ಪ್ರದೇಶದ ಒಂದು ನುಡಿಯ ಒಂದು ಘಟಕವನ್ನು, ಅಂದರೆ ಒಂದು ಪದಪಟ್ಟಿಯನ್ನೋ ಹಾಡಿನ ಪಠ್ಯವನ್ನೋ ಬಂಧುವಾಚಕಗಳ ವಿವರವನ್ನೋ ಮೂಲರೂಪ, ಕನ್ನಡದ ಅರ್ಥ, ಧ್ವನಿಮುದ್ರಣಗಳೊಡನೆ ಒಪ್ಪಿಸಬೇಕು. ಅದನ್ನು ಸಿದ್ಧಪಡಿಸುವವರು ಆ ನುಡಿಯನ್ನಾಡುವ ವಿದ್ಯಾರ್ಥಿಗಳೇ ಆಗಿದ್ದರೆ ಮೇಲು. ಮೂರನೆಯದಾಗಿ, ಮರುವರ್ಷದ ಸಭೆಯು ಹಿಂದಿನ ವರ್ಷದ ಕೆಲಸದ ವರದಿಯಿಂದ ಆರಂಭವಾಗಬೇಕು. ಕೆಲಸ ನಡೆದಿಲ್ಲವಾದರೆ ಆ ವರ್ಷ ಹಾರ-ಶಾಲುಗಳ ಆಚರಣೆಯನ್ನು ಬಿಡಬೇಕು. ನಾಲ್ಕನೆಯದಾಗಿ, ನವೆಂಬರ್ 1ರಂದು ಏಕೀಕರಣದ ಇತಿಹಾಸವನ್ನು ಹೇಳುವಾಗ 350ಎ ಅನುಚ್ಛೇದವನ್ನೂ ಓದಿ ಹೇಳಬೇಕು. ಅದಕ್ಕೆ ಎರಡು ನಿಮಿಷವೂ ಬೇಕಾಗದು.

ಇವುಗಳಲ್ಲಿ ಯಾವುದಕ್ಕೂ ಸುತ್ತೋಲೆಗಾಗಿ ಕಾಯಬೇಕಾಗಿಲ್ಲ. ಆತಕೂರಿನ ಗೊರವನಿಗೆ ವಿಧಿಸಿದ್ದು ಕಲ್ಲಿನ ಸ್ತುತಿಯನ್ನಲ್ಲ, ಉಣ್ಣುವ ಮೊದಲು ಮಾಡಲೇಬೇಕಾದ ಒಂದು ಕೆಲಸವನ್ನು. ಕನ್ನಡದ ಹೆಸರಿನಲ್ಲಿ ಅನ್ನ ಉಣ್ಣುವ ನಾವು ಕನ್ನಡವನ್ನು ಹೊಗಳಿ ನಮ್ಮ ಪಾಲು ಸಂದಾಯವಾಯಿತೆಂದು ತಿಳಿಯಲಾಗದು. ಡಾಕಾದ ವಿದ್ಯಾರ್ಥಿಗಳು ಕೇಳಿದ ‘ಊ’ಕಾರವನ್ನು ನಮ್ಮ ನೆರೆಯ ನುಡಿಗಳಿಗೆ ಸಲ್ಲಿಸುವುದು ಆ ಪಾಲಿನಲ್ಲಿ ಸೇರಿದೆ. ಮುಂದಿನ ಫೆಬ್ರವರಿ 21ರ ಆಹ್ವಾನಪತ್ರಿಕೆಯನ್ನು ಮುದ್ರಿಸುವ ಮುನ್ನ ಯಾವ ನುಡಿಯ ಯಾವ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬುದನ್ನು ವಿಭಾಗಗಳು ನಿರ್ಧರಿಸಲಿ. ಅತಿಥಿಗಳು ಯಾರೆಂಬುದು ಆಮೇಲಿನ ಮಾತು.